ಬಿಳಿ ಎಲೆ, ಕಪ್ಪು ಆಕಾಶ: ಅವಕೆಂಪು ಛಾಯಾಗ್ರಹಣ

ಈ ಚಿತ್ರದ ಮರಗಳ ಮೇಲೆ ಬಿದ್ದಿರುವುದು ಹಿಮವಲ್ಲ. ಕಡು ಬಿಸಿಲಿನಲ್ಲಿ ತೆಗೆದ ಚಿತ್ರವಿದು. ಬೆಳ್ಳಗೆ ಕಾಣುತ್ತಿರುವುದು ಹಸಿರೆಲೆಗಳೇ.

ನಮ್ಮ ಕಣ್ಣಿನ ಎಟುಕು ಸುಮಾರು 700 ನ್ಯಾನೊಮೀಟರ್‌ಗೆ ಮುಗಿಯುತ್ತದೆ. ಅದರಾಚೆಯ ಅವಕೆಂಪು, ಅಂದರೆ ಇನ್‌ಫ್ರಾರೆಡ್ ಬೆಳಕಿನ ಹೆಚ್ಚಿನ ಪಾಲನ್ನು ಎಲೆ ಹೀರಿಕೊಳ್ಳುವುದಿಲ್ಲ. ಒಳಗಿನ ಜೀವಕೋಶಗಳು ಅದನ್ನು ಚದುರಿಸಿ ಹೊರಗೆ ಕಳಿಸುತ್ತವೆ. ಗಾಳಿ ಈ ಬೆಳಕನ್ನು ಚದುರಿಸುವುದು ತೀರಾ ಕಡಿಮೆ, ಹಾಗಾಗಿ ನೀಲಿ ಆಕಾಶ ಕಪ್ಪಾಗುತ್ತದೆ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1910ರಲ್ಲೇ ಇಂಥ ಚಿತ್ರಗಳನ್ನು ಪ್ರಕಟಿಸಿದ್ದರು. ಎಲೆ ಹೀಗೆ ಬೆಳಗುವುದಕ್ಕೆ ಇಂದಿಗೂ ‘ವುಡ್ ಪರಿಣಾಮ’ ಎಂದೇ ಹೆಸರು.

ಫಿಲ್ಮ್ ಕಾಲದಲ್ಲಿ ಇದು ತಾಳ್ಮೆಯ ಕೆಲಸ. ಕೊಡಕ್ ಎಚ್‌ಐಇ ರೋಲನ್ನು ಕ್ಯಾಮೆರಾಗೆ ಹಾಕುವುದಕ್ಕೂ ಪೂರ್ತಿ ಕತ್ತಲೆ ಬೇಕಿತ್ತು. ಅವಕೆಂಪು ಬೆಳಕು ಬೇರೆ ಜಾಗದಲ್ಲಿ ಫೋಕಸ್ ಆಗುವುದರಿಂದ ಲೆನ್ಸನ್ನು ಕಣ್ಣಳತೆಯಲ್ಲಿ ಹೊಂದಿಸಿ, ಆಮೇಲೆ ಅದರ ಮೇಲಿನ ಪುಟ್ಟ ಕೆಂಪು ಗುರುತಿನತ್ತ ತುಸು ತಿರುಗಿಸಬೇಕಿತ್ತು. ಆ ಫಿಲ್ಮಿನ ಬೆನ್ನಿಗೆ ಬೆಳಕು ತಡೆಯುವ ಲೇಪವಿರಲಿಲ್ಲ. ಬಿಳಿ ಭಾಗಗಳ ಸುತ್ತ ಮಂದ ಪ್ರಭೆ ಹರಡುತ್ತಿತ್ತು. ಲೆಕ್ಕಕ್ಕೆ ಅದು ದೋಷ, ಆದರೆ ಛಾಯಾಗ್ರಾಹಕರು ಮರುಳಾದದ್ದು ಅದಕ್ಕೇ! 2007ರಲ್ಲಿ ಆ ಫಿಲ್ಮ್ ನಿಂತುಹೋಯಿತು.

ಡಿಜಿಟಲ್ ಸೆನ್ಸರ್‌ಗೆ ಅವಕೆಂಪು ಸಹಜವಾಗಿಯೇ ಕಾಣುತ್ತದೆ. ಬಣ್ಣ ಕೆಡಬಾರದೆಂದು ತಯಾರಕರೇ ಅದರ ಮುಂದೆ ತಡೆಗಾಜು ಕೂರಿಸಿರುತ್ತಾರೆ. ಹವ್ಯಾಸಿಗಳು ಅದನ್ನು ತೆಗೆಸುತ್ತಾರೆ. ಇಲ್ಲವೇ 720 ನ್ಯಾನೊಮೀಟರ್‌ನ ಫಿಲ್ಟರ್ ಹಾಕಿ, ಟ್ರೈಪಾಡ್ ಮೇಲಿಟ್ಟು ಹಲವು ಸೆಕೆಂಡು ಕಾಯುತ್ತಾರೆ.

ಟಿವಿ ರಿಮೋಟ್‌ನ ಮೂತಿಯನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾದತ್ತ ಹಿಡಿದು ಗುಂಡಿ ಒತ್ತಿ. ಪರದೆಯಲ್ಲಿ ಮಿನುಗು ಕಂಡರೆ, ನಿಮ್ಮ ಕ್ಯಾಮೆರಾಗೂ ಈ ಬೆಳಕು ಕಾಣುತ್ತಿದೆ.