ಹಿತ್ತಲೂ ಮಳೆಯ ಲೆಕ್ಕವೂ

ಕನ್ನಡ ನಾಡಿನ ಬೇಸಾಯದ ಚರಿತ್ರೆಯನ್ನು ಬರೆಯಹೊರಟವರಿಗೆ ಶಾಸನಗಳಷ್ಟು ಉಪಕಾರಿಯಾದ ಆಕರ ಮತ್ತೊಂದಿಲ್ಲ. ಗದ್ದೆ, ಬೆದ್ದಲು, ತೋಂಟ, ಪೂದೋಂಟಗಳೆಂದು ನೆಲವನ್ನು ವಿಂಗಡಿಸಿ, ಮತ್ತರು ಕಮ್ಮಗಳಲ್ಲಿ ಅಳೆದು, ಎಲ್ಲೆಕಟ್ಟುಗಳನ್ನು ಸೂಚಿಸಿ, ಕೊಟ್ಟವರ ಮತ್ತು ಪಡೆದವರ ಹೆಸರುಗಳನ್ನು ಅವು ಕಲ್ಲಿನಲ್ಲಿ ಉಳಿಸಿಕೊಟ್ಟಿವೆ. ಆದರೆ ಮನೆಯ ಹಿಂಬದಿಯಲ್ಲಿದ್ದು, ದಿನದಿನದ ಸಾರಿಗೆ ಒಂದು ಹಿಡಿ ಸೊಪ್ಪನ್ನೋ ನಾಲ್ಕು ಕಾಯನ್ನೋ ಒದಗಿಸುತ್ತಿದ್ದ ಹಿತ್ತಲಿನ ವಿಷಯದಲ್ಲಿ ಈ ಕಲ್ಲುಗಳು ಬಹುಮಟ್ಟಿಗೆ ಮೌನವಾಗಿವೆ. ಇದಕ್ಕೆ ಕಾರಣವಿಲ್ಲದಿಲ್ಲ. ಹಿತ್ತಲು ಮನೆಯೊಡನೆಯೇ ಲೆಕ್ಕಕ್ಕೆ ಸೇರಿಹೋಗುತ್ತಿತ್ತು. ಅದರ ಬೆಳೆ ಸಂತೆಗಾಗಲಿ ಅರಮನೆಯ ಕಣಜಕ್ಕಾಗಲಿ ಹೋಗುತ್ತಿರಲಿಲ್ಲ. ಅದನ್ನು ನೋಡಿಕೊಳ್ಳುತ್ತಿದ್ದವರು ಪ್ರಾಯಃ ಹೆಂಗಸರು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಚರಿತ್ರಕಾರರೂ ಅಕ್ಷರಶಃ ಪಾಲಿಸಿದಂತೆ ತೋರುತ್ತದೆ.

ಈ ಮೌನದಿಂದ ಆದ ನಷ್ಟ ಸಣ್ಣದಲ್ಲ. ಮಳೆಯನ್ನು ಕುರಿತು ನಮ್ಮ ಹಿರಿಯರಲ್ಲಿ ಎರಡು ಬಗೆಯ ತಿಳಿವಳಿಕೆಗಳಿದ್ದುವು. ಒಂದು, ಮಳೆ ಯಾವಾಗ ಬರುವುದೆಂದು ಮುಂದಾಗಿ ಹೇಳುವ ವಿದ್ಯೆ, ಇದು ಗ್ರಂಥಸ್ಥವಾಗಿದೆ. ಇನ್ನೊಂದು, ಮಳೆ ಯಾವಾಗ ಬರುವುದೆಂದು ತಿಳಿಯದೆಯೇ ಊಟಕ್ಕೆ ಕೊರತೆಯಾಗದಂತೆ ನಡೆದುಕೊಳ್ಳುವ ವಿದ್ಯೆ. ಇದು ಹಿತ್ತಲಿನಲ್ಲಿತ್ತು, ಗ್ರಂಥಕ್ಕೆ ಏರಲಿಲ್ಲ. ಮೊದಲನೆಯದನ್ನು ನಾವು ಸಾಕಷ್ಟು ಕೊಂಡಾಡಿದ್ದೇವೆ. ಎರಡನೆಯದೇ ಹೆಚ್ಚು ಬಾಳಿಕೆಯದೆಂಬುದು ಈ ಲೇಖನದ ಅಭಿಪ್ರಾಯ.

ಗ್ರಂಥಸ್ಥವಾದ ವಿದ್ಯೆಗೆ ಕನ್ನಡದಲ್ಲಿ ಮುಖ್ಯ ನಿದರ್ಶನ ಚಾವುಂಡರಾಯನ ಲೋಕೋಪಕಾರ. ಈತನು ಶ್ರವಣಬೆಳಗೊಳದ ಗೊಮ್ಮಟನನ್ನು ಮಾಡಿಸಿದ ಗಂಗರ ಮಂತ್ರಿಯಲ್ಲ. ಕಲ್ಯಾಣದ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿ ಸುಮಾರು ೧೦೨೫ರಲ್ಲಿ ಬಾಳಿದ ಮತ್ತೊಬ್ಬ ಚಾವುಂಡರಾಯ. ಜನಸಾಮಾನ್ಯರಿಗೆ ಬೇಕಾದ ವಿದ್ಯೆಗಳನ್ನೆಲ್ಲ ಒಂದೆಡೆ ಸೇರಿಸಬೇಕೆಂಬುದು ಇವನ ಹಂಬಲ. ಹನ್ನೆರಡು ಅಧ್ಯಾಯಗಳ ಈ ಕೃತಿಯಲ್ಲಿ ಮಳೆಯ ಲಕ್ಷಣ, ಅಂತರ್ಜಲವನ್ನು ಕಂಡುಹಿಡಿಯುವ ಬಗೆ, ವೃಕ್ಷಾಯುರ್ವೇದ, ಸೂಪಶಾಸ್ತ್ರ ಎಲ್ಲವೂ ಉಂಟು. ಆಕಾಶ, ನೀರು, ಗಿಡ, ಅಡಿಗೆ ಎಂಬ ನಾಲ್ಕನ್ನೂ ಒಂದೇ ಹೊತ್ತಗೆಯಲ್ಲಿ ಕಂಡವನ ದೃಷ್ಟಿ ಮೆಚ್ಚತಕ್ಕದ್ದೇ. ಮಳೆಯ ಭಾಗದಲ್ಲಿ ಇವನ ಹಿಂದೆ ಇರುವುದು ಸಂಸ್ಕೃತದ ಸಂಹಿತಾ ಪರಂಪರೆ. ಮೋಡವು ಗರ್ಭಧರಿಸಿದ ೧೯೫ ದಿನಗಳ ಅನಂತರ ಮಳೆಯನ್ನು ಹೆರುವುದೆಂದು ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಹೇಳಿರುವುದು ವಾಚಕರಿಗೆ ತಿಳಿದ ವಿಷಯ.

ಇದರ ಜೊತೆಯಲ್ಲಿ ಒಕ್ಕಲಿಗನ ಬಾಯಲ್ಲಿ ಇಂದಿಗೂ ಉಳಿದಿರುವುದು ಮಳೆನಕ್ಷತ್ರಗಳ ಲೆಕ್ಕ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ೧೩ ಅಥವಾ ೧೪ ದಿನಗಳಿರುತ್ತಾನೆ. ರೋಹಿಣಿ ಮೇ ೨೫ರ ಸುಮಾರಿಗೆ ಹುಟ್ಟುತ್ತದೆ. ಮೃಗಶಿರ ಜೂನ್ ಎರಡನೆಯ ವಾರಕ್ಕೆ. ಆರಿದ್ರೆ ಜೂನ್ ೨೨ರ ಹೊತ್ತಿಗೆ. ಹೀಗೆ ಸ್ವಾತಿ, ವಿಶಾಖೆಯವರೆಗೆ. ಇಲ್ಲೊಂದು ಕುತೂಹಲದ ಸಂಗತಿಯುಂಟು. ನಕ್ಷತ್ರಗಳನ್ನು ಹಿಡಿದು ಎಣಿಸುವ ವರ್ಷವು ಋತುಗಳ ವರ್ಷಕ್ಕಿಂತ ಇಪ್ಪತ್ತು ನಿಮಿಷಗಳಷ್ಟು ದೀರ್ಘವಾದುದರಿಂದ, ಸುಮಾರು ೭೨ ವರ್ಷಗಳಿಗೆ ಒಂದು ದಿನದಂತೆ ಲೆಕ್ಕ ಜಾರುತ್ತದೆ. ಲೋಕೋಪಕಾರದ ಕಾಲದಿಂದ ಈಚೆಗೆ ಸಾವಿರ ವರ್ಷಗಳಾದುವು. ಜಾರಿದ್ದು ಎರಡು ವಾರ, ಎಂದರೆ ಸರಿಯಾಗಿ ಒಂದು ಮಳೆನಕ್ಷತ್ರ. ಚಾವುಂಡರಾಯನ ಕಾಲದವರು ಮೃಗಶಿರವೆಂದು ಕರೆಯುತ್ತಿದ್ದ ಋತುಭಾಗವನ್ನೇ ನಾವು ಇಂದು ರೋಹಿಣಿಯೆನ್ನುತ್ತೇವೆ. ಇಂಥ ಮಳೆಗೆ ಇಂಥ ಬೀಜವೆಂಬ ಮಾತು ಅಜ್ಜಂದಿರಿಂದ ಬಂದುದಾದರೂ, ಅದನ್ನು ಆಯಾ ತಲೆಮಾರಿನವರು ಸದ್ದಿಲ್ಲದೆ ತಿದ್ದಿಕೊಂಡೇ ಬಂದಿರಬೇಕು. ಇಲ್ಲದಿದ್ದರೆ ಅದು ಇಷ್ಟು ಕಾಲ ನಿಲ್ಲುತ್ತಿರಲಿಲ್ಲ. ಶಾಸ್ತ್ರವು ಸ್ಥಿರವೆಂದು ತೋರುವೆಡೆಯಲ್ಲಿಯೂ ತಿದ್ದುವ ಕೈಯೊಂದು ಇತ್ತೆಂಬುದನ್ನು ನಾವು ಗಮನಿಸತಕ್ಕದ್ದು.

ಇನ್ನು ಹಿತ್ತಲಿಗೆ ಬರೋಣ.

ಹೊಲವು ಆಕಾಶವನ್ನು ನಂಬಿದರೆ ಹಿತ್ತಲು ಬಚ್ಚಲನ್ನು ನಂಬಿತು. ನಾಲ್ಕು ಮಂದಿ ಸ್ನಾನಮಾಡುವ, ಪಾತ್ರೆ ಬೆಳಗುವ ಮನೆಯಿಂದ ದಿನವೂ ತಪ್ಪದೆ ಹೊರಬೀಳುವ ನೀರು ಯಾವ ನಕ್ಷತ್ರವನ್ನೂ ಕಾಯುವುದಿಲ್ಲ. ಆ ನೀರು ಹರಿಯುವ ದಾರಿಯಲ್ಲಿ ಮೊದಲು ಕೆಸು, ಬಾಳೆ. ಅದರಾಚೆ ಬಸಳೆಯ ಚಪ್ಪರ. ಇನ್ನೂ ಆಚೆಗೆ, ಒಣನೆಲದಲ್ಲಿ, ನುಗ್ಗೆ ಕರಿಬೇವುಗಳು. ನೀರನ್ನು ಹೆಚ್ಚು ಬೇಡುವುದು ಹತ್ತಿರ, ಕಡಮೆ ಬೇಡುವುದು ದೂರ ಎಂಬ ಈ ಏರ್ಪಾಡನ್ನು ಯಾರೂ ಶಾಸ್ತ್ರವೆಂದು ಕರೆಯಲಿಲ್ಲ. ಆದರೆ ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಮನೆ ಮನೆಯಲ್ಲಿ ಇದನ್ನು ಕಾಣಬಹುದಾಗಿತ್ತು. ಬಚ್ಚಲೊಲೆಯ ಬೂದಿ ಗೊಬ್ಬರವೂ ಆಯಿತು, ಎಲೆಯ ಮೇಲೆ ಉದುರಿಸಿದರೆ ಹುಳಕ್ಕೆ ಔಷಧವೂ ಆಯಿತು.

ಕರಾವಳಿಯಲ್ಲಿ ಕಷ್ಟವು ಮಳೆಯಿಲ್ಲದ್ದಲ್ಲ, ಮಳೆ ಹೆಚ್ಚಾದದ್ದು. ಆಟಿಯ ತಿಂಗಳಲ್ಲಿ ಬುಡದಲ್ಲಿ ನೀರು ನಿಂತರೆ ಬಳ್ಳಿ ಕೊಳೆಯುವುದು. ಆದುದರಿಂದ ಮಳೆಗೆ ಮುಂಚೆಯೇ ಸುಡುಮಣ್ಣು ಮಾಡಿ, ನೆಲವನ್ನು ದಿಣ್ಣೆಯಾಗಿ ಏರಿಸಿ, ಅದರ ಮೇಲೆ ಹೀರೆ, ಪಡವಲ, ಮುಳ್ಳುಸೌತೆ, ಬೆಂಡೆಗಳನ್ನು ಹಾಕುತ್ತಿದ್ದರು. ಅಷ್ಟರಿಂದಲೂ ನಂಬಿಕೆ ಸಾಲದೆ, ಬೇಸಗೆಯಲ್ಲಿ ಗದ್ದೆಯಲ್ಲಿ ಬೆಳೆದ ಸೌತೆಕಾಯಿಗಳನ್ನು ಬಾಳೆಯ ನಾರಿನಿಂದಲೋ ತೆಂಗಿನ ಗರಿಯಿಂದಲೋ ಕಟ್ಟಿ ಮಾಡಿಗೆ ತೂಗಹಾಕುತ್ತಿದ್ದರು. ಹಲಸಿನ ತೊಳೆ ಉಪ್ಪುನೀರಿನ ಭರಣಿಗೆ, ಹಲಸಿನ ಬೀಜ ಮಣ್ಣಿನ ಹೊದಿಕೆಗೆ. ಹೊರಗೆ ಏನೂ ಬೆಳೆಯದ ಆರು ವಾರಗಳಿಗೆ ಮನೆಯ ಮಾಡೇ ಹಿತ್ತಲಾಗುತ್ತಿತ್ತು.

ಬಯಲುಸೀಮೆಯ ಪರಿಯೇ ಬೇರೆ. ಅಲ್ಲಿ ಒಂದು ಹದಮಳೆ ಬಿದ್ದರೆ ಬಿತ್ತದೆಯೇ ಏಳುವ ಸೊಪ್ಪುಗಳು ಹತ್ತಾರು. ಅಣ್ಣೆ, ಗೋಣಿ ಮೊದಲಾದುವನ್ನು ಕಿತ್ತು ಬೆರಕೆಸೊಪ್ಪೆಂದು ಬಸ್ಸಾರು ಮಾಡುವ ಹಳೆಯ ಮೈಸೂರಿನ ಪದ್ಧತಿಯಲ್ಲಿ ದೊಡ್ಡ ವಿವೇಕವುಂಟು. ಯಾವುದು ಬಂದಿದೆಯೋ ಅದನ್ನೇ ಅಡಿಗೆಯಾಗಿಸುವವಳಿಗೆ ಇಂಥದೇ ಬೇಕೆಂಬ ಹಟವಿರುವುದಿಲ್ಲ. ಉತ್ತರ ಕರ್ನಾಟಕದ ಪುಂಡಿ, ಹಕ್ಕರಕಿ, ರಾಜಗಿರಿ ಪಲ್ಲೆಗಳನ್ನೂ ಈ ದೃಷ್ಟಿಯಿಂದ ನೋಡತಕ್ಕದ್ದು.

ಬೀಜದ ವಿಷಯದಲ್ಲಿಯೂ ಅಷ್ಟೆ. ನನ್ನ ಅಜ್ಜಿಯವರು ಇದ್ದ ಬೀಜವನ್ನೆಲ್ಲ ಒಮ್ಮೆಗೇ ಹಾಕಿದ್ದನ್ನು ನಾನು ಕಾಣೆ. ಮೊದಲ ಮಳೆಗೆ ಒಂದು ಪಾಲು. ಹದಿನೈದು ದಿನ ಬಿಟ್ಟು ಇನ್ನೊಂದು. ಮಿಕ್ಕದ್ದು ಬೂದಿ ಸವರಿಕೊಂಡು ಸೋರೆಬುರುಡೆಯೊಳಗೆ. ಸೌತೆಯ ಬೀಜಗಳನ್ನು ಸೆಗಣಿಯೊಡನೆ ಕಲಸಿ ಅಡಿಗೆಮನೆಯ ಗೋಡೆಗೆ ಮೆತ್ತಿಬಿಡುತ್ತಿದ್ದರು. ಹೊಗೆಯೂ ಬಿಸಿಯೂ ಅವನ್ನು ಕಾಯುತ್ತಿದ್ದುವು. ಮೊದಲ ಪಾಲು ಕೊಳೆತ ವರ್ಷಗಳಲ್ಲಿ ಅವರು ಆಕಾಶವನ್ನು ಬೈದುದನ್ನು ಕೇಳಿದ ನೆನಪಿಲ್ಲ. ಗೋಡೆಯಿಂದ ಒಂದು ಬೆರಟಿಯನ್ನು ಕಿತ್ತು ನೀರಿಗೆ ಹಾಕುತ್ತಿದ್ದರು.

ಈ ಹಿತ್ತಲಿನಲ್ಲಿ ಯಾವ ಯಾವ ಕಾಲದಲ್ಲಿ ಏನೇನು ಇದ್ದಿತೆಂಬುದಕ್ಕೆ ಪಾಕಗ್ರಂಥಗಳು ಸ್ವಲ್ಪ ಸಾಕ್ಷ್ಯವನ್ನು ಒದಗಿಸುತ್ತವೆ. ೧೬ನೆಯ ಶತಮಾನದ ಆದಿಭಾಗದಲ್ಲಿದ್ದ ಕಲ್ಲಹಳ್ಳಿಯ ಮೂರನೆಯ ಮಂಗರಸನ ಸೂಪಶಾಸ್ತ್ರದಲ್ಲಿ ಬದನೆಗೆ ದೊಡ್ಡ ಸ್ಥಾನವಿದೆ. ಬಾಳೆ ಹಲಸುಗಳಿಗೂ ಇದೆ. ಮೆಣಸಿನಕಾಯಿಯಾಗಲಿ, ಆಲೂಗಡ್ಡೆಯಾಗಲಿ, ಟೊಮ್ಯಾಟೋ ಆಗಲಿ ಅದರಲ್ಲಿರಲು ಸಾಧ್ಯವಿಲ್ಲ; ಅಮೆರಿಕದ ಈ ಗಿಡಗಳು ಆಗಿನ್ನೂ ನಮ್ಮ ನೆಲವನ್ನು ಕಂಡಿರಲಿಲ್ಲ. ಮುಂದೆ ಇವು ಬಂದಾಗ ಹಿತ್ತಲು ಇವನ್ನು ಹೊರಗಿಡದೆ, ಬಲ್ಲ ಹೆಸರಿನ ನೆರಳಿನಲ್ಲಿ ಕೂರಿಸಿತು. ಮೆಣಸಿನಂತೆ ಖಾರವಾದುದು ಮೆಣಸಿನಕಾಯಿಯಾಯಿತು. ಬೂದುಗುಂಬಳದ ಪಕ್ಕದಲ್ಲಿ ಸಿಹಿಗುಂಬಳ ಬಂದಿತು. ಟೊಮ್ಯಾಟೋ ಕೆಲವರ ಬಾಯಲ್ಲಿ ಚಪ್ಪರಬದನೆಯೆನಿಸಿತು. ಪರಂಗಿಯವರು ತಂದ ಹಣ್ಣು ಪರಂಗಿಯೇ ಆಯಿತು.

ಫ್ರಾನ್ಸಿಸ್ ಬುಕಾನನ್ ೧೮೦೦-೧೮೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದಾಗ ತರಕಾರಿ ತೋಟ, ತೆಂಗಿನ ತೋಟ, ಎಲೆತೋಟ, ಹೂವಿನ ತೋಟಗಳೆಂಬ ವಿಂಗಡಣೆಯನ್ನು ಬರೆದುಕೊಂಡನು. ಅವನ ಕಣ್ಣಿಗೆ ಬಿದ್ದುದೂ ಮಾರುವವರ ತೋಟವೇ.

ಹೊರನಾಡಿನ ನಮ್ಮಂಥವರಿಗೆ ಇಲ್ಲಿ ಒಂದು ಸ್ವಾರಸ್ಯವುಂಟು. ಮಧ್ಯ ಅಮೆರಿಕ ಮೂಲದ ಸೀಮೆಬದನೆಯನ್ನು ಬೆಂಗಳೂರಿಗೆ ತಂದವನು ೧೮೭೪ರಿಂದ ಲಾಲಬಾಗಿನ ಮೇಲ್ವಿಚಾರಣೆ ವಹಿಸಿದ್ದ ಜಾನ್ ಕ್ಯಾಮರನ್ ಎಂದು ಪ್ರಸಿದ್ಧಿ. ಇದಕ್ಕೆ ಬೇರೆಯಾಗಿ ಬೀಜ ತೆಗೆದಿಡುವ ಕೆಲಸವಿಲ್ಲ. ಇಡೀ ಕಾಯಿಯೇ ಮೊಳೆಯುತ್ತದೆ, ಮೊಳೆತುದನ್ನು ಹಾಗೆಯೇ ನೆಟ್ಟರಾಯಿತು. ಹೀಗಾಗಿ ಹಿತ್ತಲಿನಿಂದ ಹಿತ್ತಲಿಗೆ ಬಲು ಸುಲಭವಾಗಿ ಹಬ್ಬಿತು. ನಾವು ಅದನ್ನು ಸೀಮೆಯದೆಂದು ಕರೆದರೆ, ಮದರಾಸಿನವರು ಬೆಂಗಳೂರು ಕತ್ತರಿಕ್ಕಾಯ್ ಎಂದರು, ತೆಲುಗರು ಬೆಂಗಳೂರು ವಂಕಾಯ ಎಂದರು. ನಾವು ಪರದೇಶದ್ದೆಂದುಕೊಂಡ ಕಾಯಿ ನೆರೆಯವರ ಪಾಲಿಗೆ ನಮ್ಮ ಊರಿನದೇ ಆಯಿತು.

ಆದರೆ ಹಿತ್ತಲನ್ನು ಕುರಿತು ಹೇಳುವಾಗ ಅತಿಶಯೋಕ್ತಿ ಕೂಡದು. ಧಾತು ಈಶ್ವರ ಸಂವತ್ಸರಗಳ ಬರದಲ್ಲಿ (೧೮೭೬-೭೮) ಅದು ಜನರನ್ನು ಉಳಿಸಲಿಲ್ಲ. ೧೮೭೧ರ ಗಣತಿಯಲ್ಲಿ ೫೦ ಲಕ್ಷಕ್ಕೆ ಮೇಲಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೮೧ರಲ್ಲಿ ೪೨ ಲಕ್ಷಕ್ಕಿಂತ ಕೆಳಗಿಳಿದಿತ್ತು. ಬಾವಿ ಬತ್ತಿದ ಮನೆಯಲ್ಲಿ ಬಚ್ಚಲ ನೀರೆಲ್ಲಿಯದು? ಬಿತ್ತನೆಯ ಬೀಜವನ್ನೇ ತಿಂದು ಮುಗಿಸಿ ಊರು ಬಿಟ್ಟವರಿಗೆ ಚಪ್ಪರವೆಲ್ಲಿಯದು? ತಪ್ಪಿದ ಒಂದು ಮಳೆಯನ್ನು, ಮಿಕ್ಕು ಸುರಿದ ಇನ್ನೊಂದನ್ನು ತಾಳಿಕೊಳ್ಳುವ ಶಕ್ತಿ ಹಿತ್ತಲಿಗಿತ್ತು. ಮೇಲಿಂದ ಮೇಲೆ ಮಳೆ ಕೈಕೊಟ್ಟಾಗ ಇರಲಿಲ್ಲ. ಹೊಲವಿಲ್ಲದವರಿಗೆ ಹಿತ್ತಲೂ ಇರುತ್ತಿರಲಿಲ್ಲವೆಂಬ ಮಾತನ್ನೂ ಮುಚ್ಚಿಡಬಾರದು.

ಈಗ ಈ ಹಳೆಯ ಕಥೆಯನ್ನು ಎತ್ತಿದ್ದಕ್ಕೆ ಕಾರಣವಿದೆ. ೨೦೦೫ರ ಜುಲೈ ೨೬ರಂದು ಮುಂಬಯಿಯ ಸಾಂತಾಕ್ರೂಜ಼್‌ನಲ್ಲಿ ಒಂದೇ ದಿನಕ್ಕೆ ೯೪೪ ಮಿಲಿಮೀಟರ್ ಮಳೆ ಸುರಿಯಿತು. ೨೦೧೫ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿತು. ೨೦೨೩ರಲ್ಲಿ ಮುಂಗಾರು ಸೋತು ಕರ್ನಾಟಕದ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು. ಮರುವರ್ಷದ ಬೇಸಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಒಣಗಿದುವು. ನಕ್ಷತ್ರದ ಲೆಕ್ಕವನ್ನು ಸದ್ದಿಲ್ಲದೆ ತಿದ್ದಿಕೊಳ್ಳಲು ಹಿಂದಿನವರಿಗೆ ಶತಮಾನಗಳ ಅವಕಾಶವಿತ್ತು, ನಮಗೆ ಅಷ್ಟಿಲ್ಲ. ಇಂಥ ಕಾಲದಲ್ಲಿ ಮಹಡಿಯ ಕುಂಡಗಳಲ್ಲಿ ಕೈತೋಟ ಮಾಡುವ ಉತ್ಸಾಹ ನಗರಗಳಲ್ಲಿ ಬೆಳೆದಿರುವುದು ಸಂತೋಷವೇ. ಆದರೆ ಅಂಗಡಿಯಿಂದ ತಂದ ಬೀಜದ ಪೊಟ್ಟಣದಲ್ಲಿ ಎಷ್ಟೋ ಸಲ ಇರುವುದು ಸಂಕರ ತಳಿ. ಅದರ ಕಾಯಿಯಿಂದ ತೆಗೆದ ಬೀಜ ತಾಯಿಯಂತೆ ಬರುವುದಿಲ್ಲ. ಪ್ರತಿ ವರ್ಷವೂ ಕೊಳ್ಳಲೇಬೇಕು. ಅಜ್ಜಿಯ ಗೋಡೆಯ ಬೀಜ ತಪ್ಪಿಸಿದ್ದ ಪರಾಧೀನತೆಯೇ ಇದು.

ಆ ಗೋಡೆ ಈಗ ಇಲ್ಲ. ಅಜ್ಜಿಯವರು ತೀರಿಕೊಂಡ ಮೇಲೆ ಮನೆ ಪರರ ಪಾಲಾಯಿತು, ಅವರು ಅದನ್ನು ಕೆಡವಿಸಿದರು. ನಾನು ಮುಂಬಯಿಯಿಂದ ಹೋಗಿ ತಂದುಕೊಂಡುದು ಹಳೆಯ ಓಲೆಗರಿಗಳ ಒಂದು ಕಟ್ಟನ್ನು, ಕೆಲವು ಪತ್ರಗಳನ್ನು. ಚರಿತ್ರೆಯ ವಿದ್ಯಾರ್ಥಿಯಾದವನು ಹಾಗೆ ಮಾಡುವುದು ಸಹಜವೆಂದು ಆಗ ತೋರಿತ್ತು. ಗೋಡೆಯ ಮೇಲಿನ ಬೆರಟಿಗಳ ಕಡೆಗೆ ಕಣ್ಣೆತ್ತಿ ನೋಡಲಿಲ್ಲ. ಆ ಸೌತೆ ಗುಂಡಗಿತ್ತು, ಹಸುರು ಗೆರೆಗಳ ಮೇಲೆ ಹಳದಿ ಚುಕ್ಕೆಗಳಿದ್ದುವು, ಮಾಡಿಗೆ ಕಟ್ಟಿದರೆ ದೀಪಾವಳಿಯವರೆಗೂ ಕೆಡುತ್ತಿರಲಿಲ್ಲ. ಅದಕ್ಕೆ ಹೆಸರೇನಿತ್ತೆಂದು ನಾನು ಕೇಳಿರಲಿಲ್ಲ.

ನಮ್ಮ ಸಂಘದ ಸದಸ್ಯರ ಮನೆಗಳಲ್ಲಿ ಎಂಬತ್ತು ದಾಟಿದ ತಾಯಂದಿರು ಇನ್ನೂ ಕೆಲವರಿದ್ದಾರೆ. ಊರಿನಲ್ಲಿದ್ದಾಗ ಹಿತ್ತಲಲ್ಲಿ ಏನೇನನ್ನು ಹಾಕುತ್ತಿದ್ದಿರಿ, ಯಾವ ಮಳೆಗೆ ಹಾಕುತ್ತಿದ್ದಿರಿ, ಆ ಮಳೆ ತಪ್ಪಿದರೆ ಏನು ಮಾಡುತ್ತಿದ್ದಿರಿ, ಬೀಜವನ್ನು ಎಲ್ಲಿ ಇಡುತ್ತಿದ್ದಿರಿ, ಯಾರಿಂದ ತಂದಿರಿ, ಯಾರಿಗೆ ಕೊಟ್ಟಿರಿ ಎಂದು ಅವರನ್ನು ಕೇಳಿ, ಅವರು ಹೇಳಿದುದನ್ನು ಅವರ ಮಾತಿನಲ್ಲಿಯೇ, ಊರಿನ ಹೆಸರಿನೊಡನೆ ಬರೆದು ಈ ಪತ್ರಿಕೆಗೆ ಕಳುಹಿಸಿಕೊಡಬೇಕೆಂದು ವಾಚಕರಲ್ಲಿ ಪ್ರಾರ್ಥನೆ. ಕುಂಡದಲ್ಲಿ ಬಸಳೆಯೋ ತೊಂಡೆಯೋ ಇದ್ದು, ಅದರ ಕಾಂಡವು ಊರಿನಿಂದ ಬಂದುದಾಗಿದ್ದರೆ, ಯಾವ ವರ್ಷ ತಂದುದೆಂಬುದನ್ನೂ ನಮೂದಿಸಬೇಕು.