ಬೈಲಕುಪ್ಪೆಯಲ್ಲಿ ಲಸಿಕೆ: ಯಾವ ಕಾನೂನಿನ ಆಸರೆ?

ಆಕ್ರಮಿತ ಪ್ರದೇಶದಲ್ಲಿ ಸಾಂಕ್ರಾಮಿಕ ಹಬ್ಬಿದರೆ ಜನರ ಆರೋಗ್ಯದ ಹೊಣೆ ಯಾರದು? 1949ರ ನಾಲ್ಕನೇ ಜಿನೀವಾ ಒಪ್ಪಂದದ 56ನೇ ವಿಧಿ ನೇರವಾಗಿ ಹೇಳುತ್ತದೆ: ಸ್ಥಳೀಯ ಆಡಳಿತದ ಸಹಕಾರದೊಡನೆ ಆಸ್ಪತ್ರೆ, ನೈರ್ಮಲ್ಯ, ರೋಗತಡೆ ಎಲ್ಲವನ್ನೂ ಆಕ್ರಮಿಸಿದ ಶಕ್ತಿಯೇ ನೋಡಿಕೊಳ್ಳಬೇಕು. 2021ರ ಆರಂಭದಲ್ಲಿ ಪಶ್ಚಿಮ ದಂಡೆ ಮತ್ತು ಗಾಜಾದ ಕೋವಿಡ್ ಲಸಿಕೆಯ ಜಗಳ ನಡೆದದ್ದು ಈ ವಿಧಿಯ ಸುತ್ತಲೇ. ಓಸ್ಲೋ ಒಪ್ಪಂದದ ಪ್ರಕಾರ ಆರೋಗ್ಯ ಪ್ಯಾಲೆಸ್ತೀನ್ ಪ್ರಾಧಿಕಾರಕ್ಕೆ ಸೇರಿದ್ದೆಂದು ಇಸ್ರೇಲ್ ವಾದಿಸಿತು. ಅದರಿಂದ ಜಿನೀವಾದ ಹೊಣೆ ಕಳಚದೆಂದು ವಿಶ್ವಸಂಸ್ಥೆಯ ಮಾನವ ಹಕ್ಕು ತಜ್ಞರು ಹೇಳಿದರು.

ಆದರೆ ಈ ವಿಧಿ ನೆಲಕ್ಕೆ ಅಂಟಿಕೊಂಡದ್ದು. ನೆಲ ಬಿಟ್ಟು ಬಂದವರ ಬೆನ್ನಿಗೆ ಬರುವುದಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ, ಹುಣಸೂರು ತಾಲ್ಲೂಕಿನ ಗುರುಪುರದ ಟಿಬೆಟನ್ ಕ್ಯಾಂಪುಗಳಲ್ಲಿ ತೊಡಕು ಇನ್ನೂ ಒಂದು ಸುತ್ತು ಹೆಚ್ಚು. ಕ್ಯಾಂಪಿನ ಹಿರಿಯರ ಪಾಲಿಗೆ ತಾವು ಬಿಟ್ಟು ಬಂದದ್ದು ಆಕ್ರಮಿತ ನಾಡು. ಭಾರತವಾದರೋ ಚೀನಾದೊಂದಿಗಿನ 1954ರ ಒಪ್ಪಂದದಲ್ಲೇ ಅದನ್ನು ಚೀನಾದ ಟಿಬೆಟ್ ಪ್ರದೇಶವೆಂದು ಬರೆದುಕೊಟ್ಟಿದೆ. 1951ರ ನಿರಾಶ್ರಿತರ ಒಪ್ಪಂದಕ್ಕೂ ನಮ್ಮ ಸಹಿಯಿಲ್ಲ. 1979ರಲ್ಲಿ ಭಾರತ ಒಪ್ಪಿದ ಆರ್ಥಿಕ, ಸಾಮಾಜಿಕ, ಸಾಂಸ್ಕೃತಿಕ ಹಕ್ಕುಗಳ ಒಡಂಬಡಿಕೆ ಪ್ರತಿಯೊಬ್ಬರ ಆರೋಗ್ಯದ ಮಾತಾಡುತ್ತದೆ, ನಿಜ. ಆದರೆ ಅದನ್ನು ಹಿಡಿದುಕೊಂಡು ಲಸಿಕಾ ಕೇಂದ್ರದ ಸಾಲಿನಲ್ಲಿ ನಿಲ್ಲಲಾಗದು.

ಸಾಲಿನಲ್ಲಿ ಕೇಳುತ್ತಿದ್ದದ್ದು ಗುರುತಿನ ಚೀಟಿ. ಲಸಿಕೆಗೆ ಹೆಸರು ನೋಂದಾಯಿಸುವ ಕೋವಿನ್ ಜಾಲತಾಣದಲ್ಲಿ ಒಪ್ಪುತ್ತಿದ್ದ ಚೀಟಿಗಳು ಏಳು: ಆಧಾರ್, ಪ್ಯಾನ್, ಪಾಸ್‌ಪೋರ್ಟ್, ಮತದಾರರ ಚೀಟಿ ಇತ್ಯಾದಿ. ವಿದೇಶಿಯರ ಕಾನೂನಿನಡಿ ಟಿಬೆಟನ್ನರು ಇಟ್ಟುಕೊಳ್ಳಬೇಕಾದ ನೋಂದಣಿ ಪ್ರಮಾಣಪತ್ರದ (ಆರ್‌ಸಿ) ಪುಸ್ತಕ ಆ ಏಳರಲ್ಲಿ ಇರಲಿಲ್ಲ. ಕೈಹಿಡಿದದ್ದು ಆಧಾರ್. 2016ರ ಆಧಾರ್ ಕಾಯ್ದೆ ಪೌರತ್ವ ಕೇಳುವುದಿಲ್ಲ; ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನ ಇಲ್ಲಿ ವಾಸವಿದ್ದರೆ ಸಾಕು. ಯಾವ ಚೀಟಿಯೂ ಇಲ್ಲದವರಿಗಾಗಿ ಕೇಂದ್ರ ಆರೋಗ್ಯ ಸಚಿವಾಲಯ 2021ರ ಮೇ 6ರಂದು ಬೇರೆ ಕ್ರಮ ಹೊರಡಿಸಿತು: ಅಲೆಮಾರಿಗಳು, ಸಾಧುಗಳು, ಕೈದಿಗಳು, ಭಿಕ್ಷುಕರು. ಇಂಥವರನ್ನು ಗುರುತಿಸುವ ಕೆಲಸ ಜಿಲ್ಲಾ ಕಾರ್ಯಪಡೆಯದು. ನನ್ನ ಎಣಿಕೆಯಲ್ಲಿ, ಅಂತರರಾಷ್ಟ್ರೀಯ ಒಪ್ಪಂದಗಳಿಗಿಂತ ಆಧಾರ್ ಕಾಯ್ದೆಯ ವಾಸದ ಒಣ ವ್ಯಾಖ್ಯೆಯೇ ಇಲ್ಲಿ ಹೆಚ್ಚು ಕೆಲಸ ಮಾಡಿತು.

ರೋಗದ ದಾರಿಯೂ ಇಲ್ಲಿ ಬೇರೆ. ಬೈಲಕುಪ್ಪೆಯ ಸೆರಾ, ನಮ್ಡ್ರೋಲಿಂಗ್ ಮಠಗಳಲ್ಲಿ ಭಿಕ್ಷುಗಳು ಒಂದೊಂದು ಕೋಣೆಯಲ್ಲಿ ಹಲವರು ಮಲಗುತ್ತಾರೆ; ಊಟ, ಪಾಠ, ಪ್ರಾರ್ಥನೆ ಎಲ್ಲ ಒಟ್ಟಿಗೆ. ಟಿಬಿ ಈ ಸಮುದಾಯವನ್ನು ಬಹುಕಾಲದಿಂದ ಕಾಡುತ್ತಿದೆ. ಮುಸುಕಿನ ಜೋಳ ಕೊಯ್ದ ಮೇಲೆ ಸ್ವೆಟರ್ ಮಾರಲು ದೂರದ ಊರುಗಳಿಗೆ ಹೋದವರ ಮಾತ್ರೆ ನಡುವೆ ತಪ್ಪುವುದುಂಟು. ಕ್ಯಾಂಪಿನದೇ ಆಸ್ಪತ್ರೆ ಇದೆ. ಆದರೆ ದಿನನಿತ್ಯದ ಪೇಟೆ ಕಾವೇರಿಯ ಆಚೆ ದಡದ ಕುಶಾಲನಗರ. ಅದು ಕೊಡಗು ಜಿಲ್ಲೆ. ಲಾಕ್‌ಡೌನಿನಲ್ಲಿ ಜಿಲ್ಲೆಯ ಗಡಿ ದಾಟಲು ಪಾಸು ಬೇಕಾಯಿತು. ಈ ಕಷ್ಟ ಮಾತ್ರ ಟಿಬೆಟನ್ನರಿಗೂ ನೆರೆಯ ಕೊಪ್ಪದ ಕನ್ನಡಿಗರಿಗೂ ಒಂದೇ.

ಕಾನೂನಿಗೆ ಮರಳಿದರೆ, ಗಟ್ಟಿ ನೆಲೆಯೆಂದರೆ ಜೀವಿಸುವ ಹಕ್ಕನ್ನು ಕಾಯುವ ಸಂವಿಧಾನದ 21ನೇ ವಿಧಿ. ಅದರ ರಕ್ಷಣೆ ಪ್ರಜೆಗಳಲ್ಲದವರಿಗೂ ಇದೆಯೆಂದು ಅರುಣಾಚಲದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಟಿಬೆಟನ್ನರಿಗೆಂದೇ ಬಂದ 2014ರ ಪುನರ್ವಸತಿ ನೀತಿ ಅಷ್ಟು ಬಿಗಿಯಲ್ಲ. ಯೋಜನೆಗಳ ಸೌಲಭ್ಯ ವಿಸ್ತರಿಸುವುದು ರಾಜ್ಯಗಳ ಮನಸ್ಸಿಗೆ ಬಿಟ್ಟದ್ದು. ಇನ್ನು 1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ ಬಂದ 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲಿ ಆಸ್ಪತ್ರೆಯ ಪ್ರಸ್ತಾಪವೇನೋ ಇದೆ: ಒಳರೋಗಿಯಾಗಿ ಸೇರಿದ ವಿದೇಶಿಯರ ವಿವರವನ್ನು ಆಸ್ಪತ್ರೆಗಳು ನೋಂದಣಿ ಅಧಿಕಾರಿಗೆ ಒಪ್ಪಿಸಬೇಕು.