ಎತ್ತರದ ಕಟ್ಟಡಗಳೂ ನಿರ್ಗಮನದ ನಿಬಂಧನೆಗಳೂ

ಕಟ್ಟಡವನ್ನು ಬೆಂಕಿಯಿಂದ ರಕ್ಷಿಸುವುದು ಬೇರೆ, ಅದರೊಳಗಿರುವ ಜನರನ್ನು ರಕ್ಷಿಸುವುದು ಬೇರೆ. ಈ ಭೇದವನ್ನು ನಗರಗಳ ಶಾಸನಕರ್ತರು ಬಹು ತಡವಾಗಿ ಅರಿತರು. ೧೬೬೬ರ ಮಹಾದಹನದ ತರುವಾಯ ಲಂಡನ್ನಿಗಾಗಿ ರಚಿತವಾದ ೧೬೬೭ರ ಶಾಸನವು, ಹೊಸ ಮನೆಗಳ ಹೊರಗೋಡೆಗಳು ಇಟ್ಟಿಗೆಯವೋ ಕಲ್ಲಿನವೋ ಆಗಿರಬೇಕೆಂದು ವಿಧಿಸಿತು. ಬೆಂಕಿ ಮನೆಯಿಂದ ಮನೆಗೆ ಹಬ್ಬದಿರಲೆಂಬುದೇ ಅದರ ಉದ್ದೇಶ. ಕಟ್ಟಡಗಳು ತಗ್ಗಾಗಿದ್ದಷ್ಟು ಕಾಲ ಈ ದೃಷ್ಟಿ ಸಾಕೆನಿಸಿತ್ತು. ಉಕ್ಕಿನ ಚೌಕಟ್ಟೂ ಲಿಫ್ಟೂ ಬಂದು ಅವು ಮುಗಿಲಿಗೇರತೊಡಗಿದ ಮೇಲೆ ಅದರ ಕೊರತೆ ಬಯಲಾಯಿತು.

೧೯೦೩ರ ಡಿಸೆಂಬರ್ ೩೦ರಂದು ಷಿಕಾಗೋ ನಗರದ ಇರಾಕ್ವಾ ರಂಗಮಂದಿರದಲ್ಲಿ ಬೆಂಕಿ ಬಿದ್ದು ೬೦೦ಕ್ಕೂ ಹೆಚ್ಚು ಜನ ಮಡಿದರು. ಬೆಂಕಿಗೆ ಜಗ್ಗದ ಕಟ್ಟಡವೆಂದು ಪ್ರಚಾರ ಪಡೆದಿದ್ದ ಅದರ ಗೋಡೆಗಳು ನಿಂತೇ ಇದ್ದವು. ಇದಕ್ಕಿಂತಲೂ ನಮ್ಮ ವಿಷಯಕ್ಕೆ ಹತ್ತಿರವಾದುದು ೧೯೧೧ರ ಮಾರ್ಚ್ ೨೫ರ ನ್ಯೂಯಾರ್ಕ್ ದುರಂತ. ಹತ್ತು ಅಂತಸ್ತಿನ ಆಷ್ ಕಟ್ಟಡದ ಮೇಲಿನ ಮೂರು ಅಂತಸ್ತುಗಳಲ್ಲಿ ಟ್ರಯಾಂಗಲ್ ಎಂಬ ಉಡುಪಿನ ಕಾರ್ಖಾನೆಯಿತ್ತು. ಎಂಟನೆಯ ಅಂತಸ್ತಿನಲ್ಲಿ ಹೊತ್ತಿದ ಬೆಂಕಿಯಿಂದ ೧೪೬ ಮಂದಿ ಸತ್ತರು. ಅವರಲ್ಲಿ ಬಹುಪಾಲು ವಲಸೆ ಬಂದ ತರುಣಿಯರು. ಒಂಬತ್ತನೆಯ ಅಂತಸ್ತಿನ ಒಂದು ಬಾಗಿಲಿಗೆ ಬೀಗ ಬಿದ್ದಿತ್ತು. ಹೊರಗಿನ ಕಬ್ಬಿಣದ ಮೆಟ್ಟಿಲು ಜನರ ಭಾರಕ್ಕೆ ಕುಸಿಯಿತು. ಅಗ್ನಿಶಾಮಕ ದಳದ ಏಣಿ ಆರನೆಯ ಅಂತಸ್ತಿನಾಚೆಗೆ ನಿಲುಕಲಿಲ್ಲ. ಕಟ್ಟಡವಾದರೋ ಉಳಿಯಿತು, ಇಂದಿಗೂ ಒಂದು ವಿಶ್ವವಿದ್ಯಾಲಯದ ಭಾಗವಾಗಿ ನಿಂತಿದೆ.

ಆ ವರ್ಷವೇ ರಾಬರ್ಟ್ ವ್ಯಾಗ್ನರ್ ಮತ್ತು ಆಲ್ ಸ್ಮಿತ್ ಅವರ ಮುಂದಾಳುತನದಲ್ಲಿ ವಿಚಾರಣಾ ಆಯೋಗ ನೇಮಕವಾಯಿತು. ಬಾಗಿಲು, ಮೆಟ್ಟಿಲು, ನೀರೆರಚುವ ಕೊಳವೆ, ಅಗ್ನಿ ಕವಾಯತು ಇವೆಲ್ಲ ಶಾಸನದ ವಿಷಯಗಳಾದವು. ಅಮೆರಿಕದ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘವು ೧೯೧೩ರಲ್ಲಿ ಪ್ರಾಣರಕ್ಷಣೆಗೆಂದೇ ಒಂದು ಸಮಿತಿಯನ್ನು ರಚಿಸಿತು. ಅದರ ಶ್ರಮದ ಫಲವಾಗಿ ೧೯೨೭ರಲ್ಲಿ ಕಟ್ಟಡಗಳ ನಿರ್ಗಮನಕ್ಕೆ ಸಂಬಂಧಿಸಿದ ಸಂಹಿತೆ ಪ್ರಕಟವಾಯಿತು.

ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ ೧೯೭೦ರಲ್ಲಿ ಹೊರಬಂದು, ೧೯೮೩, ೨೦೦೫ ಮತ್ತು ೨೦೧೬ರಲ್ಲಿ ಪರಿಷ್ಕಾರ ಹೊಂದಿತು. ೨೦೧೬ರ ಆವೃತ್ತಿಯು ೧೫ ಮೀಟರು ಅಥವಾ ಅದಕ್ಕಿಂತ ಎತ್ತರವಾದುದನ್ನು ಎತ್ತರದ ಕಟ್ಟಡವೆಂದು ಪರಿಗಣಿಸುತ್ತದೆ. ಲಿಫ್ಟನ್ನು ಅದು ನಿರ್ಗಮನ ಮಾರ್ಗವೆಂದು ಎಣಿಸುವುದಿಲ್ಲ. ಮೆಟ್ಟಿಲಿನ ಆವರಣಕ್ಕೆ ಹೊಗೆ ನುಗ್ಗದಂತೆ ತಡೆಯಬೇಕೆಂದು ಹೇಳುತ್ತದೆ. ಆದರೆ ಸಂಹಿತೆಯು ತಾನಾಗಿ ಕಾನೂನಲ್ಲ. ರಾಜ್ಯವೋ ನಗರಸಭೆಯೋ ತನ್ನ ನಿಬಂಧನೆಗಳಲ್ಲಿ ಅಳವಡಿಸಿಕೊಂಡಾಗಲೇ ಅದಕ್ಕೆ ಬಲ.

ಬರೆದ ನಿಯಮವೂ ಪಾಲನೆಯಿಲ್ಲದೆ ವ್ಯರ್ಥವೆಂಬುದಕ್ಕೆ ದೆಹಲಿಯ ಉಪಹಾರ್ ಚಿತ್ರಮಂದಿರ ಸಾಕ್ಷಿ. ೧೯೯೭ರ ಜೂನ್ ೧೩ರಂದು ಕೆಳಗಿನ ಟ್ರಾನ್ಸ್‌ಫಾರ್ಮರಿನಿಂದೆದ್ದ ಹೊಗೆ ಬಾಲ್ಕನಿಯನ್ನು ತುಂಬಿತು. ಹೆಚ್ಚುವರಿ ಆಸನಗಳನ್ನು ಜೋಡಿಸಿ ಅಲ್ಲಿನ ದಾರಿಯನ್ನು ಮುಚ್ಚಲಾಗಿತ್ತು. ೫೯ ಜನ ಅಸುನೀಗಿದರು. ೨೦೧೦ರ ಫೆಬ್ರವರಿ ೨೩ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸಿನಲ್ಲಿ ಹೊಗೆ ಆವರಿಸಿ ೯ ಜನ ಮೃತರಾದರು. ಕಿಟಕಿಗಳಿಂದ ಧುಮುಕಿದವರೂ ಅವರಲ್ಲಿದ್ದರು.

ನ್ಯೂಯಾರ್ಕಿನ ಬೀಗಕ್ಕೆ ಕಳವಿನ ಭಯ ಕಾರಣವಾಗಿತ್ತು. ದೆಹಲಿಯ ಆಸನಗಳಿಗೆ ಲಾಭದ ಆಸೆ. ಮಹಾನಗರಗಳಲ್ಲಿ ನೆಲಸಿದ ನಮ್ಮ ವಾಸ, ಉದ್ಯೋಗ, ಸಭೆಗಳೆಲ್ಲ ಇಂಥ ಕಟ್ಟಡಗಳಲ್ಲಿಯೇ ನಡೆಯುತ್ತಿವೆ. ಎರಡನೆಯ ಮೆಟ್ಟಿಲು ಎಲ್ಲಿದೆ, ಅದರ ಬಾಗಿಲು ತೆರೆಯುತ್ತದೆಯೇ ಎಂದು ವಿಚಾರಿಸುವುದು ಅಧಿಕಾರಿಯ ಕರ್ತವ್ಯವಾಗಿರುವಂತೆ ನಿವಾಸಿಯ ಹಕ್ಕೂ ಆಗಿದೆ. ಆ ಪ್ರಶ್ನೆಯನ್ನು ಬೆಂಕಿಗೆ ಮುಂಚೆ ಕೇಳುವುದೇ ಈ ಚರಿತ್ರೆಯಿಂದ ಕಲಿಯತಕ್ಕ ಪಾಠ.